ತಲೆಯ ಮೇಲೆ ಬಕೆಟ್ ಹೊತ್ತ ದೈತ್ಯ

ತರಬೇತಿ ಶಿಬಿರ, ವರ್ಜೀನಿಯಾ
ಆಗಸ್ಟ್ 4, 1943

ಅಸ್ಸುಂತಾ,

ನಾನು ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ ಎಂದು ಮೊದಲು ಅಮ್ಮನಿಗೆ ಹೇಳು. ಸುಳ್ಳು, ಆದರೂ ಹೇಳು. ಇಲ್ಲಿನ ಅಡುಗೆಯವನು ಮಕರೋನಿಯನ್ನು ಬೇಯಿಸುವುದಿಲ್ಲ, ಅದರ ಪ್ರಾಣ ತೆಗೆಯುತ್ತಾನೆ. ಅಪ್ಪನಿಗೆ ಮಾತ್ರ ನಿಜ ಹೇಳು, ಅವರಿಗೆ ನಗು ಬರುತ್ತದೆ.

ಈಗ ಕೆಲಸದ ಮಾತು. ಮುಂದಿನ ತಿಂಗಳ ಮುಖಪುಟ ಒಂದನ್ನು ಮುಗಿಸಿ ಸಂಪಾದಕ ವೆಕ್ಸ್ಲರ್ ಕೈಗೆ ಕೊಟ್ಟು ಬಂದಿದ್ದೇನೆ. ಆಮೇಲೆ ಏನು ಗತಿ ಎಂಬ ಯೋಚನೆಯಲ್ಲೇ ಬಂದೂಕು ಒರೆಸುತ್ತಿದ್ದೇನೆ. ನಮ್ಮ ಕಾಮಿಕ್ಸ್ ಕಚೇರಿಯ ಪದ್ಧತಿ ನಿನಗೆ ಗೊತ್ತಲ್ಲ. ಮೊದಲು ಹುಟ್ಟುವುದು ಮುಖಪುಟ, ಕಥೆಯಲ್ಲ. ನಾನು ನಮ್ಮ ಕಥಾನಾಯಕ ತಾಮ್ರವೀರನನ್ನು ಯಾವುದಾದರೊಂದು ಗಂಡಾಂತರಕ್ಕೆ ನೂಕಿ ಚಿತ್ರ ಬಿಡಿಸಬೇಕು. ಅವನು ಅಲ್ಲಿಗೆ ಹೇಗೆ ಹೋದ, ಹೇಗೆ ಪಾರಾದ ಎಂದು ಕಥೆಗಾರ ಹರ್ಶ್ ಆಮೇಲೆ ತಲೆ ಕೆರೆದುಕೊಂಡು ಕಥೆ ಕಟ್ಟಬೇಕು. ಮುಖಪುಟ ಕೆಟ್ಟರೆ ಇಡೀ ಸಂಚಿಕೆ ಕೆಟ್ಟಂತೆ. ಈಗ ಆ ಕುರ್ಚಿ ಖಾಲಿ.

ನೀನು ವೆಕ್ಸ್ಲರ್ ಹತ್ತಿರ ಹೋಗಿ, ನನ್ನ ಜಾಗದಲ್ಲಿ ಯಾರನ್ನು ಕೂರಿಸುತ್ತಾರೆ ಎಂದು ಕೇಳಿಕೊಂಡು ಬಾ. ಡೆಲ್ಮರ್ ಪ್ರೈಸ್ ಎಂದರೆ ತಕ್ಷಣ ತಂತಿ ಕೊಡು. ಆ ಮನುಷ್ಯ ಬಿಡಿಸಿದ ವೀರರೆಲ್ಲ ಹಲ್ಲುನೋವಿನವರ ಹಾಗೆ ಕಾಣುತ್ತಾರೆ.

ನಿನ್ನ ಸಹಾಯ ಕೇಳಿದರೆ ಮಸಿ ತುಂಬಿಕೊಡು, ಹಿಂದಿನ ಕಟ್ಟಡ ಬಿಡಿಸಿಕೊಡು. ಅಡುಗೆಮನೆಯ ಮೇಜಿನ ಮೇಲೆ ನನಗೆ ಮಾಡಿಕೊಡುತ್ತಿದ್ದೆಯಲ್ಲ, ಹಾಗೆ. ಅದಕ್ಕಿಂತ ಹೆಚ್ಚಿಗೆ ಕೈ ಹಾಕಬೇಡ. ಕೋಪ ಮಾಡಿಕೊಳ್ಳಬೇಡ ಕಣೇ, ಹೆಣ್ಣುಮಕ್ಕಳ ಕೈಗೆ ಗುದ್ದು ಬಿಡಿಸಲು ಬರುವುದಿಲ್ಲ. ನೀನು ಬಿಡಿಸಿದ ಗುದ್ದು ಕೆನ್ನೆ ಸವರಿದ ಹಾಗಿರುತ್ತದೆ.

ನಿನ್ನ ಅಣ್ಣ
ಸಿಲ್ವಿಯೊ


ಬ್ರೂಕ್ಲಿನ್
ನವೆಂಬರ್ 14, 1943

ಪ್ರೀತಿಯ ಅಣ್ಣ,

ನೀನು ಹಡಗು ಹತ್ತಿದ ಸುದ್ದಿ ಬಂದಾಗಿನಿಂದ ಅಮ್ಮ ದಿನಾ ಬೆಳಿಗ್ಗೆ ಚರ್ಚಿಗೆ ಹೋಗುತ್ತಾಳೆ. ದೇವರ ಹತ್ತಿರ ಬೇಡುತ್ತಾಳೋ ಜಗಳವಾಡುತ್ತಾಳೋ ಗೊತ್ತಿಲ್ಲ, ಬರುವಾಗ ಮುಖ ಕೆಂಪಗಿರುತ್ತದೆ.

ನಿನ್ನೆ ಅಪ್ಪ ಹಿತ್ತಲಿನ ಅಂಜೂರದ ಮರ ಹಿಮಕ್ಕೆ ಸಾಯದಿರಲೆಂದು ಎಂದಿನಂತೆ ಅದನ್ನು ಕಟ್ಟಿದರು. ನೀನಿಲ್ಲದ್ದಕ್ಕೆ ಏಣಿ ಹಿಡಿಯುವ ಭಾಗ್ಯ ನನ್ನದಾಯಿತು. ಕೊಂಬೆಗಳನ್ನೆಲ್ಲ ಎಳೆದು ಸೇರಿಸಿ ಹಗ್ಗ ಬಿಗಿದು, ಮೇಲೆ ಗುಲಾಬಿ ಹೂವಿನ ಹಳೇ ಜಮಖಾನ ಸುತ್ತಿ, ಅದರ ಮೇಲೆ ಟಾರು ಕಾಗದ ಸುತ್ತಿ, ತುದಿಗೆ ಆ ನೆಗ್ಗಿದ ಬಕೆಟ್ ಬೋರಲು ಹಾಕಿದರು. "ಸಿಲ್ವಿಯೊ ಇದ್ದಿದ್ರೆ ಗಂಟು ಇನ್ನೂ ಬಿಗಿಯಾಗಿರ್ತಿತ್ತು" ಎಂದರು. "ನಾನು ಹಾಕಿದ ಗಂಟಿಗೇನಾಗಿದೆ?" ಎಂದು ಕೇಳಿದೆ. "ಏನೂ ಆಗಿಲ್ಲಮ್ಮಾ, ನೀನು ಏಣಿ ಹಿಡ್ಕೋ" ಎಂದರು. ನಮ್ಮ ಮನೆಯಲ್ಲಿ ನನಗೆ ಸಿಗುವ ಉತ್ತರವೇ ಇದು.

ನಿನ್ನ ಕುರ್ಚಿಯ ವಿಷಯ. ಹೆದರಬೇಡ, ಪ್ರೈಸ್ ಅಲ್ಲ. ವೆಕ್ಸ್ಲರ್ ಬೇರೆ ಒಬ್ಬರನ್ನು ಕೂರಿಸಿದ್ದಾರೆ. ಹೆಚ್ಚು ಮಾತಿಲ್ಲದವರು, ತಲೆ ತಗ್ಗಿಸಿ ಕೆಲಸ ಮಾಡುವವರು. ಮಧ್ಯಾಹ್ನಕ್ಕೆ ಬ್ರೆಡ್ಡಿನ ನಡುವೆ ಹುರಿದ ಮೆಣಸಿನಕಾಯಿ, ಮೊಟ್ಟೆ ಇಟ್ಟುಕೊಂಡು ಬರುತ್ತಾರೆ. ಚಿತ್ರದ ಕೆಳಗೆ ನಿನ್ನ ಸಹಿಯನ್ನೇ ಹಾಕಬೇಕೆಂದು ವೆಕ್ಸ್ಲರ್ ಅವರಿಂದ ಮಾತು ತೆಗೆದುಕೊಂಡಿದ್ದಾರೆ. "ಕಾರ್ಡಿಲ್ಲೊ ಹೋದ ಅಂತ ಯಜಮಾನರಿಗೆ ಗೊತ್ತಾದ್ರೆ ನಾಳೇನೇ ಪ್ರೈಸ್‌ನ ಕರ್ಕೊಂಡ್ ಬರ್ತಾರೆ, ಆಮೇಲೆ ನಿಮ್ಮಣ್ಣ ವಾಪಸ್ ಬಂದ್ರೆ ಜಾಗ ಇರಲ್ಲ" ಎಂದು ನನ್ನ ಹತ್ತಿರ ಹೇಳಿದರು. ಅಂದರೆ ಯಾರೋ ನಿನ್ನ ಕುರ್ಚಿಯನ್ನು ಬೆಚ್ಚಗೆ ಇಟ್ಟಿದ್ದಾರೆ, ಅಷ್ಟು ತಿಳಿದುಕೋ.

ಅಂದಹಾಗೆ ನಾನು ಟೋಪಿ ಅಂಗಡಿಯ ಕೆಲಸ ಬಿಟ್ಟೆ. ಹೆಂಗಸರ ಟೋಪಿಗೆ ಗರಿ ಸಿಕ್ಕಿಸಿ ಸಿಕ್ಕಿಸಿ ಸಾಕಾಗಿತ್ತು. ಈಗ ಒಂದು ಆಫೀಸಿಗೆ ಹೋಗುತ್ತಿದ್ದೇನೆ. ಕೂತು ಮಾಡುವ ಕೆಲಸ. ಸಂಜೆ ಮನೆಗೆ ಬಂದರೆ ಉಗುರಿನ ಸಂದಿಯ ಮಸಿ ಹೋಗುವುದೇ ಇಲ್ಲ, ಅಮ್ಮ ನಿಂಬೆಹಣ್ಣು ಉಜ್ಜುತ್ತಾಳೆ.

ಅಸ್ಸುಂತಾ


ಇಟಲಿ, ಊರ ಹೆಸರು ಬರೆಯುವಂತಿಲ್ಲ
ಫೆಬ್ರವರಿ 6, 1944

ಅಸ್ಸುಂತಾ,

ತಲೆ ಕೆಟ್ಟುಹೋಗಿದೆ, ಅಕ್ಷರ ಸೊಟ್ಟಗಾದರೂ ಓದಿಕೋ.

ನಿನ್ನೆ ನಮ್ಮ ತುಕಡಿಗೆ ಒಂದು ಪೆಟ್ಟಿಗೆ ಪುಸ್ತಕ ಬಂತು. ಅದರಲ್ಲಿ ತಾಮ್ರವೀರ. ಹೊಸ ಸಂಚಿಕೆ. ಊಟದ ಸಾಲು ಬಿಟ್ಟು ಹುಡುಗರೆಲ್ಲ ಅದರ ಮೇಲೆ ಬಿದ್ದರು. ಕಾರ್ಪೋರಲ್ ಟ್ವೀಡಿ ಎಂಬ ಟೆಕ್ಸಾಸಿನ ದಡಿಯ ನನ್ನ ಬೆನ್ನಿಗೆ ಗುದ್ದಿ, "ಕಾರ್ಡಿಲ್ಲೊ, ಇದು ನೀನು ಬಿಡಿಸಿದ್ದಾ? ಸೇತುವೆ ಮುರ್ಕೊಂಡ್ ಬೀಳೋದು ನೋಡಿ ನನ್ ಕಾಲೇ ಜಾರ್ದಂಗಾಯ್ತು ಮಾರಾಯ!" ಎಂದ. ನಾನು ನೋಡಿದೆ. ಮೂಲೆಯಲ್ಲಿ ಸಹಿ ನನ್ನದು. ಕೈ ನನ್ನದಲ್ಲ!

ಸೇತುವೆಯನ್ನು ಕೆಳಗಿನಿಂದ ನೋಡಿ ಬಿಡಿಸಿದ್ದಾನೆ ಕಣೇ, ನದಿಯಲ್ಲಿ ಬಿದ್ದವನು ನೋಡುವ ಹಾಗೆ. ನನಗೆ ಇಷ್ಟು ವರ್ಷದಲ್ಲಿ ಅದು ಹೊಳೆದಿರಲಿಲ್ಲ. ಇನ್ನೊಬ್ಬನ ಹೆಸರಿನ ಮುಸುಕು ಹಾಕಿಕೊಂಡು ಇಷ್ಟು ಚೆನ್ನಾಗಿ ಬಿಡಿಸುವವನು ಕಳ್ಳನಲ್ಲದೆ ಮತ್ತೇನು? ಅವನು ಪ್ರೈಸೇ. ಹಲ್ಲುನೋವು ವಾಸಿಯಾಗಿರಬೇಕು. ನೀನು ಪೆದ್ದಿ, ಮೆಣಸಿನಕಾಯಿ ಮೊಟ್ಟೆ ಎಂದು ಬರೆದು ನನ್ನನ್ನು ಸಮಾಧಾನ ಮಾಡಿದೆ.

ನಾನು ಸುಮ್ಮನಿರುವವನಲ್ಲ. ಯಜಮಾನ ಬ್ರಾಂಟ್‌ಗೇ ನೇರ ಕಾಗದ ಬರೆದು ಹಾಕಿದ್ದೇನೆ. ನಾನು ಸೈನ್ಯಕ್ಕೆ ಬಂದಿದ್ದೇನೆ, ನನ್ನ ಸಹಿ ಹಾಕುತ್ತಿರುವವನು ಮೋಸಗಾರ, ಅವನನ್ನು ಹಿಡಿದು ಹೊರಗೆ ಹಾಕಿ ಎಂದು.

ಇಲ್ಲಿ ಎಲ್ಲಿ ನೋಡಿದರೂ ಅಂಜೂರದ ಮರ. ಚಳಿಗಾಲದಲ್ಲಿ ಬರೀ ಮೈಯಲ್ಲಿ ನಿಂತಿರುತ್ತವೆ, ಯಾರೂ ಏನೂ ಹೊದಿಸುವುದಿಲ್ಲ. ನಮ್ಮಪ್ಪ ಜಮಖಾನ ಸುತ್ತುತ್ತಾರೆ, ಬಕೆಟ್ ಹಾಕುತ್ತಾರೆ ಎಂದು ಒಬ್ಬಳು ಅಜ್ಜಿಗೆ ಹೇಳಿದೆ. "ಮರಕ್ಕೆ ಟೋಪಿನಾ? ಅಮೆರಿಕಾಗೆ ಹೋದೋರಿಗೆಲ್ಲ ಹಿಂಗೇ ಬುದ್ಧಿ ಕೆಡುತ್ತಾ?" ಎಂದು ಕೇಳಿ ಶಿಲುಬೆ ಗುರುತು ಹಾಕಿಕೊಂಡಳು.

ಸಿಲ್ವಿಯೊ


ಬ್ರೂಕ್ಲಿನ್
ಮಾರ್ಚ್ 12, 1944

ಅಣ್ಣ,

ನಿನ್ನ ಕಾಗದ ಬ್ರಾಂಟ್ ಅವರಿಗೆ ತಲುಪಿತು. ತುಂಬ ಸಂತೋಷವಾಯಿತೇನು?

ಏನಾಯಿತೆಂದು ಹೇಳುತ್ತೇನೆ, ಕೇಳಿಸಿಕೋ. ಮಂಗಳವಾರ ಮಧ್ಯಾಹ್ನ ಯಜಮಾನರು ಕಾಗದ ಹಿಡಿದುಕೊಂಡು ಮೇಲಿನ ಮಹಡಿಯಿಂದ ಇಳಿದು ಬಂದರು. ಅವರು ಇಳಿದು ಬರುವುದೇ ಅಪರೂಪ. "ಕಾರ್ಡಿಲ್ಲೊ ಇಟಲಿಲಿದ್ದಾನೆ! ಹಾಗಾದ್ರೆ ಇಲ್ಲಿ ಕೂತಿರೋ ಕಾರ್ಡಿಲ್ಲೊ ಯಾರ್ರೀ?" ಎಂದು ಕೂಗಿದರು. ವೆಕ್ಸ್ಲರ್ ಕನ್ನಡಕ ಒರೆಸತೊಡಗಿದರು. ಹರ್ಶ್ ಸೂರು ನೋಡತೊಡಗಿದ. ಆ ವ್ಯಕ್ತಿ ತಾವೇ ಎದ್ದು ನಿಂತರು. ಬ್ರಾಂಟ್ ಮೇಲಿಂದ ಕೆಳಗೆ ನೋಡಿ, "ಇದಾ?" ಎಂದರು. ಆಮೇಲೆ ನಕ್ಕರು. ಆ ನಗು ಕೇಳಿದ್ದರೆ ನಿನಗೂ ಅವಮಾನವಾಗುತ್ತಿತ್ತು.

"ಆ ಸೇತುವೆ ಇದೇ ಕೈಯಿಂದ ಬಂದಿದ್ದು ಅಂತ ನಾನ್ ನಂಬ್ಬೇಕಾ? ಬಿಡಿಸು, ನನ್ ಕಣ್ಣೆದುರಿಗೇ ಬಿಡಿಸು" ಎಂದು ಕುರ್ಚಿ ಎಳೆದುಕೊಂಡು ಕೂತರು. ಇಡೀ ಕಚೇರಿ ಸುತ್ತ ನಿಂತಿತು. ಆ ವ್ಯಕ್ತಿ ಮೊದಲ ಗೆರೆ ಎಳೆದು ಅಳಿಸಿದರು. ಎರಡನೆಯದನ್ನೂ ಅಳಿಸಿದರು. ಆಗ ಆ ವ್ಯಕ್ತಿಗೆ ಬೆಳಿಗ್ಗೆ ತಮ್ಮ ಮನೆಯ ಕಿಟಕಿಯಿಂದ ಹಿಮದಲ್ಲಿ ಕಂಡದ್ದೊಂದು ನೆನಪಾಯಿತಂತೆ. ಕೈ ಅಲ್ಲಿಂದ ನಿಲ್ಲಲಿಲ್ಲ. ಅಂಗಡಿಯ ಸ್ಟ್ಯಾಂಡಿನಲ್ಲಿ ಪುಸ್ತಕಗಳು ಒಂದರ ಮೇಲೊಂದು ಕೂತಿರುತ್ತವೆ, ಮಕ್ಕಳಿಗೆ ಮುಖಪುಟದ ತಲೆಯಷ್ಟೇ ಕಾಣುವುದು ಎಂದು ನೀನೇ ಹೇಳುತ್ತಿದ್ದೆಯಲ್ಲ? ಅವರು ಚಿತ್ರದ ತಲೆಯನ್ನು ಪುಸ್ತಕದ ಹೆಸರಿನ ಮೇಲೆಯೇ ಏರಿಸಿದರು. ನಡುವಿನ ಎರಡಕ್ಷರ ಮುಚ್ಚಿಹೋಯಿತು. "ಹೆಸ್ರೇ ಹೋಯ್ತಲ್ರೀ!" ಎಂದು ಬ್ರಾಂಟ್ ಚೀರಿದರು. "ಹೆಸ್ರು ಎಲ್ಲರಿಗೂ ಗೊತ್ತು ಸಾರ್, ಇದನ್ನ ಯಾರೂ ನೋಡಿಲ್ಲ" ಎಂಬ ಉತ್ತರ ಬಂತು.

ಹರ್ಶ್ ಮಾತ್ರ ಚಿತ್ರ ನೋಡಿ ತಲೆ ಮೇಲೆ ಕೈ ಹೊತ್ತ. "ಅಯ್ಯೋ, ಇದರ ಕಾಲ್ಕೆಳಗಿಂದ ಇವನನ್ನ ಹೇಗಪ್ಪಾ ಬಿಡಿಸ್ಕೊಂಡ್ ಬರ್ಲಿ ನಾನು!"

ತೀರ್ಪು ಹೀಗೆ: ಇದು ಅಚ್ಚಾಗಲಿ, ಅಲ್ಲಿಯವರೆಗಿನ ಮುಖಪುಟಗಳನ್ನೂ ಇದೇ ಕೈ ಮಾಡಲಿ. ಈ ಸಂಚಿಕೆ ಮಾರಾಟವಾದರೆ ಆ ವ್ಯಕ್ತಿ ಉಳಿಯುತ್ತಾರೆ, ಇಲ್ಲವಾದರೆ ಪ್ರೈಸ್ ಬರುತ್ತಾನೆ. ಇಲ್ಲಿಯವರೆಗೆ ಬಿಡಿಸಿದ್ದೆಲ್ಲ ಮಣ್ಣುಪಾಲು.

ಯಾರವರು ಎಂದು ನಾನು ಹೇಳುವುದಿಲ್ಲ. ಏನು ಬಿಡಿಸಿದರೆಂದೂ ಹೇಳುವುದಿಲ್ಲ. ಮೊದಲು ಚಿತ್ರ ನೋಡು, ಆಮೇಲೆ ಹೆಸರು ಕೇಳು. ಹೆಸರು ಮೊದಲು ಗೊತ್ತಾದರೆ ನೀನು ಚಿತ್ರ ನೋಡುವುದಿಲ್ಲ, ನನಗೆ ಗೊತ್ತು ನಿನ್ನ ಬುದ್ಧಿ.

ಅಸ್ಸುಂತಾ


ಇಟಲಿ
ಏಪ್ರಿಲ್ 20, 1944

ಅಸ್ಸುಂತಾ,

ನಿನಗೆ ಅವನ ಮೇಲೆ ಎಷ್ಟೊಂದು ಕನಿಕರ! "ಅವರು", "ಅವರು" ಎಂದು ಪುಟ ತುಂಬ ಮರ್ಯಾದೆ. ಮದುವೆಗಿದುವೆ ವಿಚಾರ ಇದ್ದರೆ ನೇರವಾಗಿ ಹೇಳಿಬಿಡು, ಅಮ್ಮನ ಹತ್ತಿರ ನಾನು ಮಾತಾಡುತ್ತೇನೆ.

ಇಲ್ಲಿ ಕೆಸರು, ಶೆಲ್ಲು, ಮತ್ತೆ ಕೆಸರು. ಕಾಲುಚೀಲ ಕಳಿಸು. ಆ ಮನುಷ್ಯ ಉಳಿದರೆ ಉಳಿಯಲಿ, ಹೋದರೆ ಹೋಗಲಿ, ನನಗೇನು. ಆದರೂ ಆ ಚಿತ್ರ ಯಾವಾಗ ಬರುತ್ತದೆ?

ಸಿಲ್ವಿಯೊ


ಇಟಲಿ
ಆಗಸ್ಟ್ 17, 1944

ಅಯ್ಯೋ ಹುಡುಗೀ! ಅಯ್ಯೋ ನನ್ನ ತಾಯೀ!

ಬಂತು. ಇವತ್ತು ಬಂತು. ಟ್ವೀಡಿ ಪೆಟ್ಟಿಗೆ ಒಡೆದದ್ದೇ ತಡ, "ಏಯ್, ಇದೇನಪ್ಪಾ ಭೂತ!" ಎಂದು ಮೇಲಕ್ಕೆತ್ತಿ ಹಿಡಿದ. ಹಳದಿ ಆಕಾಶ. ಊರ ಟ್ರಾಮುಗಾಡಿಯನ್ನು ಕಾಲಲ್ಲಿ ತುಳಿದು ನಿಂತ ಕರೀ ದೈತ್ಯ. ಕಣ್ಣಿಲ್ಲ, ಬಾಯಿಲ್ಲ, ಕೈಯಿಲ್ಲ. ಮೈಗೆಲ್ಲ ಸುತ್ತಿದ ಕಪ್ಪು ಪಟ್ಟಿ, ಬಿಗಿದ ಹಗ್ಗ, ತಲೆಯ ಮೇಲೆ ಬೋರಲು ಬಿದ್ದ ಕಬ್ಬಿಣದ ಕಿರೀಟ. ದಿನವೂ ಶೆಲ್ಲಿನ ನಡುವೆ ಓಡಾಡುವ ಹುಡುಗರು ಒಂದು ಚಿತ್ರ ನೋಡಿ ಹಿಂದೆ ಸರಿದರು.

ನಾನು ಮಾತ್ರ ಆ ಕಿರೀಟವನ್ನೇ ನೋಡುತ್ತಿದ್ದೆ. ಅದರ ಎಡ ಅಂಚು ನೆಗ್ಗಿತ್ತು. ಅದನ್ನು ನೆಗ್ಗಿಸಿದವನು ನಾನು, ಬೀದಿಯಲ್ಲಿ ಕೋಲು ಹಿಡಿದು ಸ್ಟಿಕ್‌ಬಾಲ್ ಆಡುವಾಗ. ಅಪ್ಪನ ಕೈಯಲ್ಲಿ ಒದೆಯನ್ನೂ ತಿಂದಿದ್ದೆ. ಕಪ್ಪು ಪಟ್ಟಿ ಹರಿದ ಜಾಗದಲ್ಲಿ ಇಣುಕುತ್ತಿದ್ದದ್ದು ಗುಲಾಬಿ ಹೂವಿನ ಜಮಖಾನ. ಈ ದೇಶದಲ್ಲಿ ನೂರಾರು ಅಂಜೂರದ ಮರ ನೋಡಿದ್ದೇನೆ, ಒಂದಕ್ಕೂ ಟೋಪಿ ಇಲ್ಲ. ಬ್ರೂಕ್ಲಿನ್‌ನಲ್ಲಿ ಇದ್ದಾವು, ಆದರೆ ಆ ಬಕೆಟ್ ಇರುವುದು ನಮ್ಮ ಹಿತ್ತಲಲ್ಲಿ ಮಾತ್ರ. ನಮ್ಮ ಅಡುಗೆಮನೆ ಕಿಟಕಿಯಿಂದ ಮಾತ್ರ ಅದು ಹಾಗೆ ಕಾಣುವುದು.

ಅಮ್ಮ ಕಟ್ಟಿಕೊಡುವ ಮೆಣಸಿನಕಾಯಿ ಮೊಟ್ಟೆ! ಉಗುರಿನ ಮಸಿ! ನನ್ನಂಥ ಕತ್ತೆ ಇನ್ನೊಂದಿಲ್ಲ ಕಣೇ. ನಗುತ್ತಾ ನೆಲಕ್ಕೆ ಕೂತವನು ಅಳುತ್ತಾ ಎದ್ದೆ. ಟ್ವೀಡಿ, "ಮನೆಯಿಂದ ಕೆಟ್ಟ ಸುದ್ದಿನಾ?" ಎಂದು ಭುಜ ಹಿಡಿದ. "ಇದು ನಮ್ಮ ಮನೆ ಮರ ಕಣೋ, ಬಿಡಿಸಿದ್ದು ನನ್ ತಂಗಿ" ಎಂದೆ. ಅವನು ನಂಬಲಿಲ್ಲ. "ನಿಂಗೆ ಜ್ವರ ಬಂದಿದೆ, ಹೋಗಿ ಮಲಗು" ಎಂದ.

ಆಮೇಲೆ ತಾಮ್ರವೀರನ ಕೈ ನೋಡಿದೆ. ದೈತ್ಯನ ಕಾಲಿನಡಿಯಿಂದ ಮೇಲಕ್ಕೆ ಬೀಸಿದ ಆ ಗುದ್ದು. ಭುಜದಿಂದಲ್ಲ, ಹಿಮ್ಮಡಿಯಿಂದ ಬಂದ ಗುದ್ದು. ಅದು ಕೆನ್ನೆ ಸವರುವ ಹಾಗಿಲ್ಲ ಅಸ್ಸುಂತಾ. ಇಂಥ ಗುದ್ದು ನಾನು ಒಂದು ಸಲವೂ ಬಿಡಿಸಿಲ್ಲ. ಅದು ನನಗೇ ಬಿದ್ದ ಹಾಗಾಯಿತು, ಬೀಳಬೇಕಾದದ್ದೇ.

ಬ್ರಾಂಟ್‌ಗೆ ಇನ್ನೊಂದು ಕಾಗದ ಹಾಕಿದ್ದೇನೆ. ಮೊದಲಿನ ಕಾಗದವನ್ನು ಒಲೆಗೆ ಹಾಕಿ ಎಂದು ಬರೆದಿದ್ದೇನೆ. ನನ್ನ ಹೆಸರು ನನಗೆ ವಾಪಸ್ ಬೇಕು, ಆ ಜಾಗದಲ್ಲಿ ಬಿಡಿಸಿದವಳ ಹೆಸರು ಹಾಕಿ ಎಂದೂ ಬರೆದಿದ್ದೇನೆ. ನಾನು ಬರುವವರೆಗೆ ಕುರ್ಚಿ ನಿನ್ನದೇ.

ನಿನ್ನ ಕತ್ತೆ ಅಣ್ಣ
ಸಿಲ್ವಿಯೊ


ಬ್ರೂಕ್ಲಿನ್
ಸೆಪ್ಟೆಂಬರ್ 24, 1944

ಪ್ರೀತಿಯ ಅಣ್ಣ,

ನಿನ್ನ ಕಾಗದವನ್ನು ಸಬ್‌ವೇ ರೈಲಿನಲ್ಲಿ ಓದುತ್ತಾ ಇಳಿಯುವ ಸ್ಟೇಷನ್ ದಾಟಿಹೋಗಿದ್ದೆ.

ಮಾರಾಟದ ಸುದ್ದಿ ಮೊದಲು. ಮಾರಾಟವಾಗದ ಪುಸ್ತಕಗಳ ಮುಖಪುಟದ ತಲೆಯನ್ನು ಅಂಗಡಿಯವರು ಹರಿದು ವಾಪಸ್ ಕಳಿಸುತ್ತಾರಲ್ಲ, ಆ ತುಂಡುಗಳ ಮೂಟೆ ಮೆಟ್ಟಿಲ ಕೆಳಗೆ ಬಿದ್ದಿರುತ್ತದಲ್ಲ. ಪ್ರತಿ ಸಲ ಅದನ್ನು ದಾಟಿ ಹೋಗುವಾಗ ನನ್ನ ತಲೆಯನ್ನೇ ಹರಿದ ಹಾಗಾಗುತ್ತಿತ್ತು. ಈ ಸಲ ಮೆಟ್ಟಿಲ ಕೆಳಗೆ ಖಾಲಿ ನೆಲ! ಸಾಗಣೆಯ ಓಮಾಲಿ, "ಬಕೆಟ್‌ರಾಯ ಎಲ್ಲಾ ತಿಂದ್ಹಾಕ್ಬಿಟ್ಟಮ್ಮಾ, ಒಂದೂ ವಾಪಸ್ ಬಂದಿಲ್ಲ" ಎಂದು ಕುಣಿದ. ಮತ್ತೆ ಅಚ್ಚು ಹಾಕಿಸಿದರು.

ಈಗ ನಾನು ಹೇಳಬೇಕಾದ ಮಾತು. ಕೋಪ ಬಂದರೆ ಬರಲಿ. ನಿನ್ನ ಕುರ್ಚಿ ಕಾಯುತ್ತೇನೆಂದೇ ಕೂತವಳು ನಾನು. ಈಗ ಏಳಲು ಮನಸ್ಸಿಲ್ಲ. ನೀನು "ನಾನು ಬರುವವರೆಗೆ" ಎಂದು ಬರೆದ ಸಾಲನ್ನೇ ಮತ್ತೆ ಮತ್ತೆ ಓದಿದೆ. ನೀನು ಬರಬೇಕು, ಸುಖವಾಗಿ ಬರಬೇಕು, ಆದರೆ ಈ ಕೆಲಸ ಬಿಟ್ಟು ಮತ್ತೆ ಟೋಪಿಗೆ ಗರಿ ಸಿಕ್ಕಿಸಲು ನಾನು ಹೋಗಲಾರೆ. ಏಣಿ ಹಿಡಿದು ಹಿಡಿದು ಸಾಕಾಗಿದೆ ಅಣ್ಣ.

ನಿನ್ನ ಎರಡನೇ ಕಾಗದ ಬಂದ ಮೇಲೆ ಬ್ರಾಂಟ್ ನನ್ನನ್ನು ಕರೆಸಿದರು. "ನೀನಿರು, ಕೆಲಸ ಮಾಡು. ಆದರೆ ಹೆಸ್ರು ನಿಮ್ಮಣ್ಣಂದೇ ಇರ್ಲಿ. ಹೆಂಗಸಿನ ಹೆಸ್ರು ನೋಡಿದ್ರೆ ಹುಡುಗ್ರು ಕೊಳ್ಳಲ್ಲ" ಎಂದರು. "ನಮ್ಮಣ್ಣ ತನ್ನ ಹೆಸ್ರು ವಾಪಸ್ ಕೇಳಿದ್ದಾನೆ ಸಾರ್. ಇನ್ನು ಅದನ್ನ ಹಾಕಿದ್ರೆ ನಿಜವಾಗ್ಲೂ ಕಳ್ಳತನ" ಎಂದೆ. ಕೆಳಗೆ ಬಂದು ಬ್ರಷ್ ತೊಳೆದಿಟ್ಟು ಕೈ ಕಟ್ಟಿ ಕೂತೆ.

ಆಮೇಲೆ ನೋಡಬೇಕಿತ್ತು ತಮಾಷೆ. ಮುಖಪುಟವಿಲ್ಲ, ಹಾಗಾಗಿ ಹರ್ಶ್‌ಗೆ ಕಥೆಯಿಲ್ಲ. ಕಥೆಯಿಲ್ಲ, ಹಾಗಾಗಿ ಒಳಪುಟ ಬಿಡಿಸುವವರಿಗೆ ಕೆಲಸವಿಲ್ಲ. ಎಲ್ಲರೂ ಕಾಫಿ ಕುಡಿಯುತ್ತಾ ಕೂತರು. ಪ್ರೈಸ್‌ಗೆ ಫೋನ್ ಹೋಯಿತು. ಪಾಪ, ಅವನೂ ನೌಕಾಪಡೆಗೆ ಹೋಗಿ ವಾರವಾಗಿತ್ತು. ಬ್ರಾಂಟ್ ಎರಡನೇ ದಿನ ಇಳಿದು ಬಂದು ಹರ್ಶ್‌ಗೆ, "ನೀನಾದ್ರೂ ಏನಾದ್ರೂ ಬರಿಯಯ್ಯಾ!" ಎಂದು ಕೂಗಿದರು. "ತಾಮ್ರವೀರ ಯಾವ ಕಷ್ಟದಲ್ಲಿ ಸಿಕ್ಕಾಕೊಂಡಿದ್ದಾನೆ ಅಂತ ಗೊತ್ತಿಲ್ದೆ ಏನ್ ಬರೀಲಿ ಸಾರ್? ಸದ್ಯಕ್ಕೆ ಕಷ್ಟದಲ್ಲಿರೋದು ನೀವೊಬ್ರೇ" ಎಂದ ಹರ್ಶ್. ವೆಕ್ಸ್ಲರ್ ನಗು ತಡೆಯಲಾರದೆ ಬಚ್ಚಲಿಗೆ ಓಡಿದರು.

ಬ್ರಾಂಟ್ ನನ್ನ ಮೇಜಿನ ಮುಂದೆ ಬಂದು ನಿಂತರು. "ಎಷ್ಟು ದೊಡ್ಡ ಅಕ್ಷರದಲ್ಲಮ್ಮಾ?" ಎಂದು ಕೇಳಿದರು.

ಚಿತ್ರ ಮುಗಿಸಿ ಕೊಟ್ಟಿದ್ದೇನೆ. ಹೊಸ ವರ್ಷದ ಹೊತ್ತಿಗೆ ಅಂಗಡಿಗೆ ಬರುತ್ತದೆ. ಅಲ್ಲಿಗೆ ತಲುಪಿದಾಗ ನೋಡು.

ನಿನ್ನ ತಂಗಿ
ಅಸ್ಸುಂತಾ


ಇಟಲಿ
ಮಾರ್ಚ್ 11, 1945

ಪ್ರೀತಿಯ ಅಸ್ಸುಂತಾ,

ಇಷ್ಟು ತಿಂಗಳು ಉತ್ತರ ಬರೆಯದೆ ಇದ್ದದ್ದಕ್ಕೆ ಬೆಟ್ಟದ ಮೇಲಿನ ಚಳಿಗಾಲ ಕಾರಣ ಎಂದು ಹೇಳಬಹುದು. ಅರ್ಧ ನಿಜ. ಉಳಿದರ್ಧ, ಕುರ್ಚಿಯ ಮಾತು ಓದಿ ಮುಖ ಊದಿಸಿಕೊಂಡಿದ್ದೆ. ಕಂದಕದಲ್ಲಿ ಕೂತು ಆ ಕುರ್ಚಿಯನ್ನು ನೆನೆಸಿಕೊಂಡೇ ದಿನ ದೂಡಿದವನು ನಾನು, ಸಿಟ್ಟು ಬಾರದೆ ಇರುತ್ತದೆಯೇ? ಬಂತು. ಚೆನ್ನಾಗಿಯೇ ಬಂತು.

ಮೊನ್ನೆ ಪೆಟ್ಟಿಗೆ ಬಂತು. ತಾಮ್ರವೀರ ಹಿಮಬೆಟ್ಟವನ್ನು ಬೆನ್ನ ಮೇಲೆ ಹೊತ್ತು ನಿಂತಿದ್ದಾನೆ. ಎಲ್ಲಿಂದ ತಂದೆ ಆ ಹಿಮದ ನೀಲಿಯನ್ನು? ನಾನು ಅದರೊಳಗೇ ಮಲಗಿ ಎದ್ದವನು, ನನಗೇ ಹೊಸದಾಗಿ ಕಂಡಿತು. ಕೆಳಗೆ ಬಿಳಿ ಹಿಮದ ಮೇಲೆ ಕೆಂಪು ಅಕ್ಷರ: ಅಸ್ಸುಂತಾ ಕಾರ್ಡಿಲ್ಲೊ. ಟ್ವೀಡಿ ಅಕ್ಷರ ಕೂಡಿಸಿ ಕೂಡಿಸಿ ಜೋರಾಗಿ ಓದಿದ. ನನ್ನ ಕಡೆ ತಿರುಗಿದ. "ಲೋ ಕಾರ್ಡಿಲ್ಲೊ, ಜ್ವರ ಅಲ್ವೇನೋ ಅದು? ನಿಜವಾಗ್ಲೂ ತಂಗೀನೇನೋ?"

ಅಷ್ಟೇ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ! ಊಟದ ತಟ್ಟೆ ತಲೆ ಮೇಲೆ ಎತ್ತಿಕೊಂಡು ಸಾಲಿನ ಈ ತುದಿಯಿಂದ ಆ ತುದಿಯವರೆಗೆ, "ನನ್ ತಂಗಿ ಕಣ್ರೋ! ನನ್ ತಂಗಿ ಬಿಡಿಸಿದ್ದು!" ಎಂದು ಕೂಗುತ್ತಾ ಓಡಿದೆ. ಸಾರ್ಜೆಂಟ್ ಬೈಯಲು ಬಂದವನು ಪುಸ್ತಕ ಕಿತ್ತುಕೊಂಡು ಓದಲು ಕೂತ. ಈಗ ಇಲ್ಲಿ ನನ್ನನ್ನು ಯಾರೂ ಸಿಲ್ವಿಯೊ ಎನ್ನುವುದಿಲ್ಲ, ಕಾರ್ಡಿಲ್ಲೊ ಎಂದೂ ಕರೆಯುವುದಿಲ್ಲ. "ಅಸ್ಸುಂತಾಳ ಅಣ್ಣ ಬಾರೋ, ಅಸ್ಸುಂತಾಳ ಅಣ್ಣ ಕಾವಲಿಗೆ ಹೋಗೋ" ಎನ್ನುತ್ತಾರೆ. ಇದರ ಜೊತೆಗೆ ಒಂದು ಕಟ್ಟು ಹರಿದ ಮುಖಪುಟಗಳನ್ನು ಕಳಿಸುತ್ತಿದ್ದೇನೆ. ಎಲ್ಲರಿಗೂ ನಿನ್ನ ಸಹಿ ಬೇಕಂತೆ. ನನ್ನ ಸಹಿ ಕೊಡುತ್ತೇನೆ ಎಂದರೆ ಒಬ್ಬನೂ ಒಪ್ಪಲಿಲ್ಲ.

ಕುರ್ಚಿಯಿಂದ ಏಳಬೇಡ. ನಾನು ಬಂದ ಮೇಲೆ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಸು. ಒಳಪುಟ ಬಿಡಿಸುತ್ತೇನೆ, ಹರ್ಶ್ ಜೊತೆ ಜಗಳವಾಡುತ್ತೇನೆ, ನಿನಗೆ ಮಸಿ ತುಂಬಿಕೊಡುತ್ತೇನೆ.

ಅಪ್ಪನಿಗೆ ಹೇಳು, ಬರುವ ಚಳಿಗಾಲಕ್ಕೆ ನಾನು ಮನೆಯಲ್ಲಿರುತ್ತೇನೆ. ಗಂಟು ನೀನು ಹಾಕು. ಏಣಿ ನಾನು ಹಿಡಿಯುತ್ತೇನೆ.

ಅಸ್ಸುಂತಾಳ ಅಣ್ಣ